ವೆಂಬನ್ಯಾಮಾನೋ, ಶೆಂಗುನ್‌ನೋ? ಎತ್ತರದ ಹುಡುಗನ ಅಪ್ಪ ಕೇಳಿದ ಪ್ರಶ್ನೆ

ಪ್ರಶ್ನೆ: ನನ್ನ ಮಗನಿಗೆ ಹದಿನೈದು ವರ್ಷ, ಈಗಲೇ ಆರು ಅಡಿ ಎರಡು ಇಂಚು ಇದ್ದಾನೆ. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಸೆಂಟರ್, ಅಂದರೆ ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರ. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸೀಸನ್ ಶುರುವಾದಾಗ ಅಪ್ಪ ಮಗ ಇಬ್ಬರೂ ಬೆಳಗ್ಗೆ ಬೇಗ ಎದ್ದು ಎರಡು ದಿನ ಪಂದ್ಯ ನೋಡಿದೆವು. ಮೊದಲ ದಿನ ಹ್ಯೂಸ್ಟನ್ ರಾಕೆಟ್ಸ್‌ನ ಆಲ್ಪೆರೆನ್ ಶೆಂಗುನ್ 39 ಅಂಕ ಹೊಡೆದ. ಮಾರನೇ ದಿನ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ವಿಕ್ಟರ್ ವೆಂಬನ್ಯಾಮಾ 40 ಹೊಡೆದ. ಅಂದು ಶುರುವಾದ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಮಗ ವೆಂಬನ್ಯಾಮಾ ಪಕ್ಷ, ನಾನು ಶೆಂಗುನ್ ಪಕ್ಷ. ನಿಜವಾಗಿ ಯಾರು ಮೇಲು? ನೀವೇ ಒಂದು ತಂಡ ಕಟ್ಟುವುದಾದರೆ ಯಾರನ್ನು ಆರಿಸಿಕೊಳ್ಳುತ್ತೀರಿ? ಇನ್ನೊಂದು ವಿಷಯ: ಮಗ ಈಗ ರಿಂಗ್ ಹತ್ತಿರ ನಿಲ್ಲುವುದನ್ನೇ ಬಿಟ್ಟಿದ್ದಾನೆ. ಹೊರಗೆ ನಿಂತು ಮೂರು ಅಂಕದ ಶಾಟ್ ಹೊಡೆಯುತ್ತಾನೆ, ಕೋಚ್ ಬೈಯುತ್ತಾರೆ. ಅವನು ಯಾರನ್ನು ನೋಡಿ ಕಲಿಯಬೇಕು?

ಉತ್ತರ: ತಂಡ ಕಟ್ಟುವುದಾದರೆ ವೆಂಬನ್ಯಾಮಾ. ಇದಕ್ಕೆ ನಾನು ಒಂದು ಕ್ಷಣವೂ ಯೋಚಿಸಬೇಕಾಗಿಲ್ಲ. ಆದರೆ ನಿಮ್ಮ ಮಗ ಕೂತು ನೋಡಿ ಕಲಿಯಬೇಕಾದ್ದು ಶೆಂಗುನ್‌ನಿಂದ. ಎತ್ತರದ ಹುಡುಗರಿಗೆ ಆಟ ಹೇಳಿಕೊಡುತ್ತಲೇ ಮೂವತ್ತು ವರ್ಷ ಕಳೆದ ನನಗೆ ನಿಮ್ಮ ಪತ್ರದ ಕೊನೆಯ ಸಾಲೇ ಹೆಚ್ಚು ನಾಟಿತು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಈ ಆಟಗಾರರಿಬ್ಬರೂ ನನ್ನ ಮಕ್ಕಳಿಗಿಂತ ಚಿಕ್ಕವರು. ಏಕವಚನದಲ್ಲಿ ಬರೆದರೆ ಅಗೌರವ ಅಂದುಕೊಳ್ಳಬೇಡಿ.

ಮೊದಲು ಅವರು ಬಂದ ದಾರಿ. ವೆಂಬನ್ಯಾಮಾ 2004ರ ಜನವರಿ 4ರಂದು ಪ್ಯಾರಿಸ್ ಪಕ್ಕದ ಲ ಶೆನೆಯಲ್ಲಿ ಹುಟ್ಟಿದ. ಅಮ್ಮ ಬ್ಯಾಸ್ಕೆಟ್‌ಬಾಲ್ ಆಡಿದವರು, ಮಕ್ಕಳಿಗೆ ಕಲಿಸಿದವರು. ಅಪ್ಪ ಕಾಂಗೊ ಮೂಲದವರು, ಟ್ರಿಪಲ್ ಜಂಪ್ ಪಟು. ಹುಡುಗ ಚಿಕ್ಕಂದಿನಲ್ಲಿ ಜೂಡೊ ಮಾಡಿದ, ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್ ಆಗಿ ನಿಂತ, ಆಮೇಲೆ ನಾಂಟೆರ್ ಕ್ಲಬ್ ಸೇರಿದ. 2022-23ರಲ್ಲಿ ಮೆಟ್ರೊಪಾಲಿಟನ್ಸ್ 92 ಪರ ಆಡಿ, ಹತ್ತೊಂಬತ್ತನೇ ವಯಸ್ಸಿಗೇ ಫ್ರೆಂಚ್ ಲೀಗ್‌ನ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ) ಆದ. ಅಷ್ಟು ಹೊತ್ತಿಗಾಗಲೇ ಇಡೀ ಜಗತ್ತಿನ ಕಣ್ಣು ಅವನ ಮೇಲಿತ್ತು. ಎನ್‌ಬಿಎ ದಿಗ್ಗಜ ಲೆಬ್ರಾನ್ ಜೇಮ್ಸ್ ಅವನನ್ನು ಅನ್ಯಗ್ರಹದ ಜೀವಿಗೆ ಹೋಲಿಸಿದ್ದ. 2023ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ದಿನ) ಸ್ಪರ್ಸ್‌ಗೆ ಮೊದಲ ಆಯ್ಕೆ ಸಿಕ್ಕಿದಾಗ ಯಾರನ್ನು ತೆಗೆದುಕೊಳ್ಳುತ್ತಾರೆ ಅನ್ನುವ ಕುತೂಹಲವೇ ಯಾರಿಗೂ ಇರಲಿಲ್ಲ. 1987ರಲ್ಲಿ ಡೇವಿಡ್ ರಾಬಿನ್ಸನ್, 1997ರಲ್ಲಿ ಟಿಮ್ ಡಂಕನ್, ಈಗ ಇವನು. ಮೊದಲ ಆಯ್ಕೆಯಲ್ಲಿ ಎತ್ತರದವರನ್ನು ಪಡೆಯುವ ಅದೃಷ್ಟ ಆ ಊರಿಗಿದೆ.

ಶೆಂಗುನ್ ಅವನಿಗಿಂತ ಒಂದೂವರೆ ವರ್ಷ ದೊಡ್ಡವನು. 2002ರ ಜುಲೈನಲ್ಲಿ, ಟರ್ಕಿಯಲ್ಲಿ ಕಪ್ಪು ಸಮುದ್ರದ ದಂಡೆಯ ಮೇಲಿರುವ ಗಿರೆಸುನ್ ಎಂಬ ಊರಿನಲ್ಲಿ ಹುಟ್ಟಿದ. ಹೇಝಲ್‌ನಟ್ ತೋಟಗಳಿಗೆ ಹೆಸರಾದ ಊರು ಅದು. ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಬಂದಿರ್ಮಾದ ಕ್ಲಬ್‌ಗೆ ಹೋಗಿ ಆಟ ಕಲಿತ. 2020-21ರಲ್ಲಿ ಇಸ್ತಾಂಬುಲ್‌ನ ಬೆಶಿಕ್ತಾಶ್ ಪರ ಆಡುತ್ತಾ, ಹದಿನೆಂಟು ವರ್ಷದ ಹುಡುಗ ಟರ್ಕಿ ಲೀಗ್‌ನ ಎಂವಿಪಿ ಆದ. ಅದು ಹುಡುಗರ ಲೀಗ್ ಅಲ್ಲ. ಮೂವತ್ತು ದಾಟಿದ, ಮೊಣಕೈ ಹೇಗೆ ಬಳಸಬೇಕೆಂದು ಗೊತ್ತಿರುವ ಗಂಡಸರು ಆಡುವ ಲೀಗ್. ಆದರೂ 2021ರ ಡ್ರಾಫ್ಟ್‌ನಲ್ಲಿ ಅವನ ಹೆಸರು ಬಂದಿದ್ದು ಹದಿನಾರನೆಯದಾಗಿ. ಕರೆದಿದ್ದು ಒಕ್ಲಹೋಮ ಸಿಟಿ ತಂಡ. ಆ ತಂಡ ಅವನನ್ನು ಹ್ಯೂಸ್ಟನ್‌ಗೆ ಕೊಟ್ಟು ಬದಲಿಗೆ ಮುಂದಿನ ಎರಡು ಡ್ರಾಫ್ಟ್ ಆಯ್ಕೆಗಳನ್ನು ಪಡೆಯಿತು. ಹುಡುಗ ಎತ್ತರಕ್ಕೆ ಹಾರುವುದಿಲ್ಲ, ಓಟ ನಿಧಾನ, ದೂರದ ಶಾಟ್ ಇಲ್ಲ ಅನ್ನುವುದು ಆಗಿನ ಲೆಕ್ಕಾಚಾರ. ಮೂರೂ ನಿಜವೇ ಆಗಿತ್ತು. ಅವನ ಕಾಲುಗಳನ್ನು ಸರಿಯಾಗಿ ನೋಡಿದವರು ಕಡಿಮೆ.

ಅಂಕಿ ಅಂಶ ಬೇಗ ಮುಗಿಸುತ್ತೇನೆ. 2024-25ರ ಸೀಸನ್‌ನಲ್ಲಿ ವೆಂಬನ್ಯಾಮಾ ಪಂದ್ಯಕ್ಕೆ ಸರಾಸರಿ 24.3 ಅಂಕ, 11 ರೀಬೌಂಡ್ (ತಪ್ಪಿದ ಶಾಟ್‌ನ ಬಾಲ್ ಹಿಡಿಯುವುದು), 3.7 ಅಸಿಸ್ಟ್ (ಅಂಕ ತಂದುಕೊಡುವ ಪಾಸ್), 3.8 ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು). ಆದರೆ ಆಡಿದ್ದು 46 ಪಂದ್ಯ. ಶೆಂಗುನ್ 19.1 ಅಂಕ, 10.3 ರೀಬೌಂಡ್, 4.9 ಅಸಿಸ್ಟ್, ಆಡಿದ್ದು 76 ಪಂದ್ಯ. ಇಬ್ಬರೂ ಆ ವರ್ಷವೇ ಮೊದಲ ಬಾರಿಗೆ ಆಲ್‌ಸ್ಟಾರ್ ಆದರು, ಅಂದರೆ ಲೀಗ್‌ನ ತಾರೆಯರ ಪಂದ್ಯಕ್ಕೆ ಆಯ್ಕೆಯಾದರು. ಅಂಕ, ರೀಬೌಂಡ್, ಅಸಿಸ್ಟ್ ಹಾಳೆಯ ಮೇಲೆ ಅಷ್ಟು ದೂರ ಕಾಣುವುದಿಲ್ಲ. ಬ್ಲಾಕ್ ಒಂದರಲ್ಲಿ ಮಾತ್ರ ಆಕಾಶ ಭೂಮಿಯಷ್ಟು ಅಂತರ. ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಪಟ್ಟಿ) ನೋಡಿಕೊಂಡು ವಾದ ಮಾಡಿದರೆ ನಿಮ್ಮ ಮನೆಯ ಜಗಳ ಎಂದಿಗೂ ಮುಗಿಯುವುದಿಲ್ಲ. ಇವರಿಬ್ಬರ ನಿಜವಾದ ವ್ಯತ್ಯಾಸ ಬರೆದಿಡಲಾಗದ ಕಡೆ ಇದೆ.

ಮುಂದೆ ಸ್ಪರ್ಸ್ ಪಂದ್ಯ ನೋಡುವಾಗ ಒಂದು ಕೆಲಸ ಮಾಡಿ. ಬಾಲ್ ನೋಡಬೇಡಿ. ಎದುರು ತಂಡದ ಗಾರ್ಡ್ (ಬಾಲ್ ನಡೆಸುವ ಆಟಗಾರ) ಪಿಕ್ (ಜೊತೆಗಾರ ಅಡ್ಡ ನಿಂತು ಒಡ್ಡುವ ತಡೆ) ದಾಟಿ ಡಿ (ರಿಂಗ್ ಮುಂದೆ ಗೆರೆ ಹಾಕಿದ ಜಾಗ) ಒಳಗೆ ನುಗ್ಗುತ್ತಾನಲ್ಲ, ಅವನ ತಲೆಯನ್ನು ನೋಡಿ. ಎರಡು ಹೆಜ್ಜೆ ಒಳಗೆ ಬಂದವನು ತಲೆ ಎತ್ತುತ್ತಾನೆ. ಅಲ್ಲಿ ವೆಂಬನ್ಯಾಮಾ ಇದ್ದಾನೆ. ಲೇ-ಅಪ್‌ಗೆ (ರಿಂಗ್ ಹತ್ತಿರದ ಸುಲಭ ಶಾಟ್) ಜಾಗ ಇದೆ, ಎದುರಿಗೆ ಬೇರೆ ಯಾವ ಸೆಂಟರ್ ಇದ್ದಿದ್ದರೂ ಹಾಕಿಬಿಡುತ್ತಿದ್ದ. ಇಲ್ಲಿ ಬಾಲ್ ಎತ್ತುವುದಿಲ್ಲ. ಬೇಸ್‌ಲೈನ್ (ರಿಂಗ್ ಹಿಂದಿನ ಅಂಚಿನ ಗೆರೆ) ಗುಂಟ ಡ್ರಿಬಲ್ ಮಾಡಿಕೊಂಡು ಬೋರ್ಡ್ ಕೆಳಗಿನಿಂದ ಹಾದು ಆಚೆ ಬದಿಯಿಂದ ಹೊರಗೆ ಹೋಗುತ್ತಾನೆ. ಬಾಗಿಲವರೆಗೆ ಬಂದವನು ಅಂಗಳದಲ್ಲಿ ನಾಯಿ ಕಂಡು ವಾಪಸ್ ಹೋದಂತೆ. ಶಾಟ್ ಕ್ಲಾಕ್‌ನಲ್ಲಿ (ಶಾಟ್ ಹೊಡೆಯಲು ಇರುವ ಸಮಯ) ಹತ್ತು ಸೆಕೆಂಡ್ ಕಳೆದುಹೋಗಿರುತ್ತದೆ, ಕೊನೆಗೆ ಯಾರೋ ಒಬ್ಬ ಅವಸರದಲ್ಲಿ ಒಂದು ಕೆಟ್ಟ ಶಾಟ್ ಹೊಡೆಯುತ್ತಾನೆ. ವೆಂಬನ್ಯಾಮಾ ಹೆಸರಿನಲ್ಲಿ ಇದಕ್ಕೆ ಏನೂ ಬರೆಯುವುದಿಲ್ಲ. ಬ್ಲಾಕ್ ಇಲ್ಲ, ಸ್ಟೀಲ್ (ಎದುರಾಳಿಯಿಂದ ಬಾಲ್ ಕಸಿಯುವುದು) ಇಲ್ಲ. ಒಂದು ಪಂದ್ಯದಲ್ಲಿ ಇಂಥದ್ದು ಎಷ್ಟು ಬಾರಿ ನಡೆಯುತ್ತದೆ ಎಂದು ನೀವೇ ಎಣಿಸಿ ನೋಡಿ.

ಅವನ ಎತ್ತರ ಏಳು ಅಡಿ ಮೂರು ಇಂಚಿಗಿಂತ ಕಡಿಮೆ ಇಲ್ಲ. ಚಾಚಿದ ಎರಡು ಕೈಗಳ ತುದಿಯಿಂದ ತುದಿಗೆ ಸುಮಾರು ಎಂಟು ಅಡಿ. ನೆಲದಿಂದ ರಿಂಗ್‌ಗೆ 3.05 ಮೀಟರ್. ಇವನು ಹಾರದೆ ಸುಮ್ಮನೆ ಕೈ ಎತ್ತಿದರೂ ಬೆರಳ ತುದಿಗೂ ರಿಂಗ್‌ಗೂ ಒಂದು ಗೇಣಷ್ಟು ಅಂತರವೂ ಉಳಿಯುವುದಿಲ್ಲ. ಎತ್ತರದವರು ಲೀಗ್‌ಗೆ ಮೊದಲೂ ಬಂದಿದ್ದರು. ಈ ಎತ್ತರದಲ್ಲಿ ಹೀಗೆ ಬಗ್ಗಿ, ಹೊರಳಿ, ಮೂಲೆಯವರೆಗೆ ಓಡಿ, ಮೂರು ಅಂಕದ ಶಾಟ್ ತಡೆದು, ಮತ್ತೆ ರಿಂಗ್ ಕಡೆ ತಿರುಗಿ ಬರುವವನನ್ನು ನಾನು ನೋಡಿರಲಿಲ್ಲ. ಮೊದಲ ಸೀಸನ್‌ನಲ್ಲೇ, 2024ರ ಫೆಬ್ರವರಿಯಲ್ಲಿ, ಟೊರೊಂಟೊ ವಿರುದ್ಧ 27 ಅಂಕ, 14 ರೀಬೌಂಡ್ ಜೊತೆಗೆ ಹತ್ತು ಬ್ಲಾಕ್ ಮಾಡಿದ. ಅದೇ ತಿಂಗಳು ಲೇಕರ್ಸ್ ವಿರುದ್ಧ ಅಂಕ, ರೀಬೌಂಡ್, ಅಸಿಸ್ಟ್, ಬ್ಲಾಕ್, ಸ್ಟೀಲ್ ಐದರಲ್ಲೂ ಐದು ಅಥವಾ ಹೆಚ್ಚು. ಲೀಗ್‌ನ ಮೊದಲ ಡಿಫೆನ್ಸ್ ತಂಡಕ್ಕೆ ಆಯ್ಕೆಯಾದ ಮೊಟ್ಟಮೊದಲ ಹೊಸ ಆಟಗಾರ ಅವನು. ವರ್ಷದ ಶ್ರೇಷ್ಠ ಡಿಫೆಂಡರ್ ಪ್ರಶಸ್ತಿಯಲ್ಲಿ ಅವನಿಗಿಂತ ಮುಂದಿದ್ದದ್ದು ಅವನದೇ ದೇಶದ ರುಡಿ ಗೋಬೇರ್ ಒಬ್ಬನೇ.

ಆದರೂ ಆ ವರ್ಷ ಸ್ಪರ್ಸ್ ಗೆದ್ದಿದ್ದು 22, ಸೋತಿದ್ದು 60. ಇದನ್ನು ನೀವು ಮಗನ ಎದುರು ಹೇಳಿಯೇ ಇರುತ್ತೀರಿ. ನ್ಯಾಯವಾಗಿ ಹೇಳಬೇಕೆಂದರೆ, ಅವನ ಸುತ್ತ ಇದ್ದದ್ದು ಇನ್ನೂ ಆಟ ಕಲಿಯುತ್ತಿದ್ದ ಹುಡುಗರ ಗುಂಪು. ಶೆಂಗುನ್ ಎರಡನೇ ವರ್ಷ ಆಡುವಾಗ ಹ್ಯೂಸ್ಟನ್ ಕೂಡ ಗೆದ್ದಿದ್ದು ಅದೇ 22, ಸೋತಿದ್ದು ಅದೇ 60.

ಈಗ ನಿಮ್ಮ ಪಕ್ಷಕ್ಕೆ ಬರೋಣ. 2024ರ ಮಾರ್ಚ್ 5, ನಮಗೆ 6ರ ಬೆಳಗ್ಗೆ. ಹ್ಯೂಸ್ಟನ್, ಸ್ಪರ್ಸ್ ಮುಖಾಮುಖಿ. ವೆಂಬನ್ಯಾಮಾ ಎದುರಿಗಿದ್ದಾಗಲೇ ಶೆಂಗುನ್ 45 ಅಂಕ ಹೊಡೆದ. 16 ರೀಬೌಂಡ್, 5 ಸ್ಟೀಲ್ ಬೇರೆ. ಹ್ಯೂಸ್ಟನ್ 114-101ರಿಂದ ಗೆದ್ದಿತು. ನಿಮ್ಮ ಹತ್ತಿರ ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ. ಒಂದು ಪಂದ್ಯದಿಂದ ಯಾರು ಮೇಲು ಅಂತ ತೀರ್ಮಾನ ಮಾಡಲಾಗದು, ಆದರೆ ತನಗಿಂತ ನಾಲ್ಕೈದು ಇಂಚು ಎತ್ತರ ಇರುವ, ಅಷ್ಟುದ್ದ ಕೈಗಳಿರುವವನ ಎದುರು ಇಷ್ಟು ಅಂಕ ಹೇಗೆ ಬಂತು ಅನ್ನುವುದನ್ನು ನಿಮ್ಮ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಕು.

ಶೆಂಗುನ್ ಎಡಬದಿಯ ಪೋಸ್ಟ್‌ನಲ್ಲಿ, ಅಂದರೆ ಡಿ ಪಕ್ಕದಲ್ಲಿ, ರಿಂಗ್‌ಗೆ ಬೆನ್ನು ಹಾಕಿ ನಿಂತಿದ್ದಾನೆ ಅಂದುಕೊಳ್ಳಿ. ಪಾಸ್ ಬರುತ್ತಿದ್ದಂತೆ ಸಣ್ಣಗೆ ಎಗರಿ ಎರಡೂ ಕಾಲನ್ನು ಒಟ್ಟಿಗೆ ಊರಿ ಬಾಲ್ ಹಿಡಿಯುತ್ತಾನೆ. ಇದೇ ಮೊದಲ ಗುಟ್ಟು. ಎರಡು ಕಾಲೂ ಒಟ್ಟಿಗೆ ನೆಲ ಮುಟ್ಟಿದರೆ ನಿಯಮದ ಪ್ರಕಾರ ಯಾವ ಕಾಲನ್ನು ಬೇಕಾದರೂ ಪಿವಟ್ (ಊರಿಕೊಂಡು ತಿರುಗುವ ಕಾಲು) ಮಾಡಿಕೊಳ್ಳಬಹುದು. ಹಿಂದೆ ನಿಂತ ಡಿಫೆಂಡರ್‌ಗೆ ಇವನು ಎಡಕ್ಕೆ ತಿರುಗುತ್ತಾನೋ ಬಲಕ್ಕೋ ಗೊತ್ತಾಗುವುದಿಲ್ಲ. ಆಮೇಲೆ ಒಂದೇ ಒಂದು ಡ್ರಿಬಲ್, ಅದರ ಜೊತೆಗೆ ಬೆನ್ನಿನಿಂದ ಒಂದು ತಳ್ಳು. ಡಿಫೆಂಡರ್ ತಡೆದುಕೊಳ್ಳಲು ಮುಂದಕ್ಕೆ ಭಾರ ಹಾಕುತ್ತಾನೆ. ಶೆಂಗುನ್ ಭುಜ ಒಳಬದಿಗೆ ಹೋಗುತ್ತದೆ, ತಲೆಯೂ ಅತ್ತ ತಿರುಗುತ್ತದೆ, ಹುಕ್ ಶಾಟ್ (ಒಂದೇ ಕೈಯಿಂದ ತಲೆ ಮೇಲಿಂದ ಹಾಕುವುದು) ಬಂತು ಅನ್ನುವಷ್ಟರಲ್ಲಿ ದೇಹ ಬೇಸ್‌ಲೈನ್ ಕಡೆ ಸುತ್ತಿರುತ್ತದೆ. ಅಷ್ಟಕ್ಕೂ ಡಿಫೆಂಡರ್ ಮೋಸ ಹೋಗದೆ ಎದುರು ಬಂದು ನಿಂತ ಅನ್ನಿ, ಆಗ ಬಾಲನ್ನು ಹಣೆಯ ಮಟ್ಟಕ್ಕೆ ಎತ್ತಿ ಶಾಟ್‌ನ ಫೇಕ್ ಕೊಡುತ್ತಾನೆ. ಡಿಫೆಂಡರ್ ಹಾರಿದ. ಹಾರಿದವನ ಕೈ ಕೆಳಗಿನಿಂದ ಒಂದು ಉದ್ದ ಹೆಜ್ಜೆ ಇಟ್ಟು, ಪಿವಟ್ ಕಾಲು ಎತ್ತಿ, ಅದು ಮತ್ತೆ ನೆಲ ಮುಟ್ಟುವ ಮೊದಲೇ ಬಾಲ್ ಬೋರ್ಡ್‌ಗೆ ಬಡಿದು ಒಳಗೆ. ನೋಡುವವರಿಗೆ ಟ್ರಾವೆಲ್ (ಬಾಲ್ ಹಿಡಿದು ಹೆಚ್ಚು ಹೆಜ್ಜೆ ಇಡುವ ತಪ್ಪು) ಅನ್ನಿಸುತ್ತದೆ. ನಿಧಾನವಾಗಿ ಮತ್ತೆ ಹಾಕಿ ನೋಡಿದರೆ ಕಾಲು ಸರಿಯಾಗಿಯೇ ಇರುತ್ತದೆ.

ಎಂಟು ಅಡಿಯ ಕೈಗಳನ್ನು ಸೋಲಿಸಲು ಇರುವ ದಾರಿ ಇದು. ಎತ್ತರ ಎಷ್ಟೇ ಇರಲಿ, ಹಾರಿದವನು ಕೆಳಗೆ ಬರಲೇಬೇಕು. ಅವನು ಹಾರುವುದಕ್ಕೂ ನೆಲ ಮುಟ್ಟುವುದಕ್ಕೂ ನಡುವಿನ ಅರೆಕ್ಷಣದಲ್ಲಿ ಶೆಂಗುನ್ ಬದುಕುತ್ತಾನೆ.

ಇನ್ನು ಪಾಸಿಂಗ್. ಇದರಲ್ಲಿ ಶೆಂಗುನ್ ಮೇಲು ಅಂತ ಅನುಮಾನವಿಲ್ಲದೆ ಹೇಳುತ್ತೇನೆ. ಅವನನ್ನು ಬಹಳ ಜನ ಸೆರ್ಬಿಯಾದ ನಿಕೊಲಾ ಯೋಕಿಚ್‌ಗೆ ಹೋಲಿಸುವುದು ಇದಕ್ಕೇ. ಡ್ರಾಫ್ಟ್‌ನಲ್ಲಿ 41ನೆಯವನಾಗಿ ಬಂದು ಮೂರು ಬಾರಿ ಎಂವಿಪಿ ಆದ ಯೋಕಿಚ್ ಜೊತೆ ಯಾರನ್ನೂ ಅವಸರದಲ್ಲಿ ತೂಗಬಾರದು, ಆದರೆ ಹೋಲಿಕೆ ಎಲ್ಲಿಂದ ಬಂತು ಅನ್ನುವುದು ಕಣ್ಣಿಗೆ ಕಾಣುತ್ತದೆ. ಎರಡನೇ ಡಿಫೆಂಡರ್ ತನ್ನ ಮೇಲೆ ಬರುವ ತನಕ ಶೆಂಗುನ್ ಕಾಯುತ್ತಾನೆ. ಬಂದ ಕೂಡಲೇ, ಆ ಡಿಫೆಂಡರ್ ಬಿಟ್ಟು ಬಂದ ಜಾಗಕ್ಕೆ ಯಾರು ನುಗ್ಗುತ್ತಾರೋ ಅವನ ಕೈಗೆ ಬಾಲ್, ಎಷ್ಟೋ ಬಾರಿ ತಿರುಗಿಯೂ ನೋಡದೆ. ಅಮೆನ್ ಥಾಂಪ್ಸನ್‌ನಂಥ ದೂರದ ಶಾಟ್ ಇಲ್ಲದ ಆಟಗಾರ ಹ್ಯೂಸ್ಟನ್‌ನಲ್ಲಿ ಇಷ್ಟು ಉಪಯೋಗಕ್ಕೆ ಬರುವುದು ಈ ಪಾಸ್‌ಗಳಿಂದ. ಐದು ಅಡಿ ದೂರದಲ್ಲಿ ಬಾಲ್ ಸಿಕ್ಕರೆ ಯಾರಿಗೂ ದೂರದ ಶಾಟ್ ಬೇಕಿಲ್ಲ.

ಮಗ ಎತ್ತಬಹುದಾದ ಒಂದು ಆಕ್ಷೇಪಕ್ಕೂ ಉತ್ತರ ಹೇಳಿಬಿಡುತ್ತೇನೆ. ಆ 45 ಅಂಕದ ಪಂದ್ಯವಾಗಿ ಐದೇ ದಿನಕ್ಕೆ, ಸ್ಯಾಕ್ರಮೆಂಟೊದಲ್ಲಿ ಶೆಂಗುನ್ ಕಾಲು ಹೊರಳಿ ಬಿದ್ದ. ಆ ವರ್ಷ ಮತ್ತೆ ಆಡಲಿಲ್ಲ. ಅವನಿಲ್ಲದ ದಿನಗಳಲ್ಲಿ ಹ್ಯೂಸ್ಟನ್ ಸಾಲಾಗಿ ಗೆಲ್ಲುತ್ತಾ ಹೋಯಿತು. ಅವನಿಲ್ಲದೆಯೇ ತಂಡ ಚೆನ್ನಾಗಿದೆ ಅಂತ ಆಗ ತುಂಬಾ ಜನ ಬರೆದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮುಂದಿನ ವರ್ಷ ಅವನು 76 ಪಂದ್ಯ ಆಡಿದ, ತಂಡ 52 ಗೆದ್ದು ಪಶ್ಚಿಮ ವಿಭಾಗದಲ್ಲಿ ಎರಡನೇ ಸ್ಥಾನಕ್ಕೆ ಬಂತು. ಗೋಲ್ಡನ್ ಸ್ಟೇಟ್ ವಿರುದ್ಧದ ಪ್ಲೇಆಫ್ ಸರಣಿ ಏಳನೇ ಪಂದ್ಯದವರೆಗೆ ಹೋಗಿ ಸೋತಿತು, ನಿಜ. ಆದರೆ ಅಲ್ಲಿ ಡ್ರೇಮಂಡ್ ಗ್ರೀನ್‌ನಂಥ ಅನುಭವಿ ಡಿಫೆಂಡರ್ ಎದುರು ಏಳು ಪಂದ್ಯ ಹೆಣಗಿ ಶೆಂಗುನ್ ಸರಾಸರಿ ಇಪ್ಪತ್ತು ಅಂಕದ ಮೇಲೆಯೇ ಇದ್ದ.

ಅವನ ಕೊರತೆಗಳನ್ನು ಮುಚ್ಚಿಡುವುದಿಲ್ಲ. 2024-25ರಲ್ಲಿ ಮೂರು ಅಂಕದ ಶಾಟ್‌ನಲ್ಲಿ ನಾಲ್ಕಕ್ಕೆ ಒಂದೂ ಬೀಳಲಿಲ್ಲ. ಫ್ರೀ ಥ್ರೋ (ಫೌಲ್ ಆದಾಗ ಸಿಗುವ ಶಾಟ್) ನೂರಕ್ಕೆ ಎಪ್ಪತ್ತರ ಒಳಗೇ. ಒಬ್ಬ ತಾರಾ ಆಟಗಾರನಿಗೆ ಇದು ಸಾಲದು. ಪಂದ್ಯದ ಕೊನೆಯ ಎರಡು ನಿಮಿಷದಲ್ಲಿ ಇದೇ ತಂಡದ ಕುತ್ತಿಗೆಗೆ ಬರುತ್ತದೆ. ಡಿಫೆನ್ಸ್‌ನಲ್ಲಿ ಕೋಚ್ ಇಮೆ ಉಡೋಕಾ ಕೈಕೆಳಗೆ ಬಹಳ ಸುಧಾರಿಸಿದ್ದಾನೆ, ಸರಿಯಾದ ಜಾಗದಲ್ಲಿ ನಿಲ್ಲುತ್ತಾನೆ, ಕೈ ಚುರುಕು. ಆದರೆ ಎದುರಾಳಿ ಅವನನ್ನು ಕಂಡು ವಾಪಸ್ ಹೋಗುವುದಿಲ್ಲ. ತಂಡ ಕಟ್ಟುವ ಪ್ರಶ್ನೆಗೆ ನಾನು ಹಿಂದೆಮುಂದೆ ನೋಡದೆ ವೆಂಬನ್ಯಾಮಾ ಅಂದಿದ್ದು ಇದೇ ಕಾರಣಕ್ಕೆ. ಶೆಂಗುನ್ ಸುತ್ತ ತಂಡ ಕಟ್ಟಬೇಕಾದರೆ ಬಲವಾದ ಡಿಫೆಂಡರ್‌ಗಳನ್ನು ಹುಡುಕಿ ತರಬೇಕು. ವೆಂಬನ್ಯಾಮಾ ಸುತ್ತ ಡಿಫೆನ್ಸ್‌ನಲ್ಲಿ ಸಾಧಾರಣ ಇರುವವರೂ ಚೆನ್ನಾಗಿ ಕಾಣುತ್ತಾರೆ, ಅವರ ತಪ್ಪನ್ನೆಲ್ಲ ಹಿಂದೆ ನಿಂತವನು ಒರೆಸಿಹಾಕುತ್ತಾನೆ.

ನನಗಿರುವ ಭಯ ಒಂದೇ, ಅವನ ದೇಹ. 2025ರ ಫೆಬ್ರವರಿಯಲ್ಲಿ, ಆಲ್‌ಸ್ಟಾರ್ ಪಂದ್ಯ ಮುಗಿದ ವಾರದಲ್ಲೇ, ಅವನ ಬಲಭುಜದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಗೊತ್ತಾಗಿ ಸೀಸನ್ ಅಲ್ಲಿಗೇ ನಿಂತಿತು. ಸುದ್ದಿ ಓದಿದಾಗ ನನಗೆ ಕ್ರಿಸ್ ಬಾಶ್ ನೆನಪಾದ. ಮಯಾಮಿಯ ಆ ಒಳ್ಳೆಯ ಆಟಗಾರ ಇಂಥದೇ ತೊಂದರೆಯಿಂದ 2016ರ ಫೆಬ್ರವರಿಯ ನಂತರ ಅಂಗಳಕ್ಕೆ ಇಳಿಯಲೇ ಇಲ್ಲ. ವೆಂಬನ್ಯಾಮಾ ವಾಸಿಯಾಗಿ ಬಂದ, ಅದು ದೊಡ್ಡ ಸಮಾಧಾನ. ಆದರೆ ಅತಿ ಎತ್ತರದವರ ಚರಿತ್ರೆ ಓದಿದವರಿಗೆ ನಿದ್ದೆ ಬರುವುದಿಲ್ಲ. ಹ್ಯೂಸ್ಟನ್‌ನವರೇ 2002ರಲ್ಲಿ ಚೀನಾದ ಯಾವೊ ಮಿಂಗ್‌ನನ್ನು ಮೊದಲ ಆಯ್ಕೆಯಾಗಿ ತಂದರು. ಏಳು ಅಡಿ ಆರು ಇಂಚು, ಬೆಣ್ಣೆಯಂಥ ಶಾಟ್, ಒಳ್ಳೆಯ ಮನಸ್ಸು. ಪಾದದ ಮೂಳೆ ಮತ್ತೆ ಮತ್ತೆ ಮುರಿದು, 486 ಪಂದ್ಯ ಆಡಿ, 2011ರಲ್ಲಿ ಮೂವತ್ತು ವರ್ಷಕ್ಕೇ ಆಟ ಬಿಟ್ಟ. ಅಂಥ ಭಾರವನ್ನು ಹೊರಲೆಂದು ಪಾದದ ಸಣ್ಣ ಸಣ್ಣ ಮೂಳೆಗಳನ್ನು ಮಾಡಿಲ್ಲ. ವೆಂಬನ್ಯಾಮಾ ಬರಿಗಾಲಲ್ಲಿ ಕಾಲ್ಬೆರಳುಗಳಿಗೇ ಬೇರೆ ವ್ಯಾಯಾಮ ಮಾಡುತ್ತಾನೆ ಅನ್ನುವುದನ್ನು ಕೆಲವರು ತಮಾಷೆಯಾಗಿ ನೋಡಿದರು. ಯಾವೊನ ಕೊನೆಯ ವರ್ಷಗಳನ್ನು ನೋಡಿದ ನನಗೆ ಅದು ಈ ಹುಡುಗನ ಅತ್ಯಂತ ಬುದ್ಧಿವಂತ ಅಭ್ಯಾಸ ಅನ್ನಿಸಿತು. ಶೆಂಗುನ್ ಕೂಡ ಕಾಲು ಹೊರಳಿ ಬಿದ್ದವನೇ, ಆದರೆ ಏಳಡಿಯ ಒಳಗಿನ ದೇಹ ಅದನ್ನು ತಡೆದುಕೊಳ್ಳುವ ರೀತಿಯೇ ಬೇರೆ. ಹತ್ತು ವರ್ಷದಲ್ಲಿ ಯಾರು ಹೆಚ್ಚು ಪಂದ್ಯ ಆಡಿರುತ್ತಾರೆ ಅಂತ ಕೇಳಿದ್ದರೆ ನನ್ನ ಉತ್ತರ ಶೆಂಗುನ್ ಆಗಿರುತ್ತಿತ್ತು.

ದೇಶದ ಪರ ಆಡಿದ್ದನ್ನೂ ನೋಡಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್, ತನ್ನದೇ ಊರಿನ ಜನರ ಎದುರು, ಇಪ್ಪತ್ತು ವರ್ಷದ ವೆಂಬನ್ಯಾಮಾ ಅಮೆರಿಕದ ಮೇಲೆ 26 ಅಂಕ ಹೊಡೆದ. ಸ್ಟೀಫ್ ಕರಿ ಕೊನೆಯಲ್ಲಿ ಒಂದಾದ ಮೇಲೊಂದು ದೂರದ ಶಾಟ್ ಹೊಡೆದು 98-87ಕ್ಕೆ ಪಂದ್ಯ ಕಿತ್ತುಕೊಂಡ. ಬೆಳ್ಳಿ ಪದಕ ಕೊರಳಲ್ಲಿಟ್ಟುಕೊಂಡು ವೆಂಬನ್ಯಾಮಾ ಅತ್ತದ್ದನ್ನು ನೋಡಿ, ಇವನು ದೂರ ಹೋಗುತ್ತಾನೆ ಅನ್ನಿಸಿತ್ತು. 2025ರ ಯೂರೋಬ್ಯಾಸ್ಕೆಟ್‌ನಲ್ಲಿ (ಯುರೋಪಿನ ದೇಶಗಳ ಟೂರ್ನಿ) ಅವನಿಗೆ ಆಡಲಾಗಲಿಲ್ಲ. ಅಲ್ಲಿ ಮಿಂಚಿದ್ದು ಶೆಂಗುನ್. ಟರ್ಕಿ ಫೈನಲ್‌ವರೆಗೆ ಒಂದೂ ಪಂದ್ಯ ಸೋಲಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಪೋಲೆಂಡ್ ವಿರುದ್ಧ ಟ್ರಿಪಲ್ ಡಬಲ್ (ಅಂಕ, ರೀಬೌಂಡ್, ಅಸಿಸ್ಟ್ ಮೂರರಲ್ಲೂ ಹತ್ತು ಅಥವಾ ಹೆಚ್ಚು) ಮಾಡಿದ. ರಿಗಾದಲ್ಲಿ ನಡೆದ ಫೈನಲ್‌ನಲ್ಲಿ 28 ಅಂಕ ಹೊಡೆದರೂ ಜರ್ಮನಿ 88-83ರಿಂದ ಗೆದ್ದಿತು. ಹೀಗೆ ಇಬ್ಬರ ಮನೆಯಲ್ಲೂ ಒಂದೊಂದು ಬೆಳ್ಳಿ ಪದಕ.

ಇಲ್ಲಿ ನಿಮ್ಮ ಮಗನಿಗೆ ಉಪಯೋಗಕ್ಕೆ ಬರುವ ಒಂದು ನಿಯಮದ ವಿಚಾರ ಇದೆ. ಎನ್‌ಬಿಎಯಲ್ಲಿ ಡಿಫೆಂಡರ್ ಯಾರನ್ನೂ ಹತ್ತಿರದಿಂದ ಗಾರ್ಡ್ ಮಾಡದೆ ರಿಂಗ್ ಮುಂದಿನ ಡಿ ಒಳಗೆ ಮೂರು ಸೆಕೆಂಡ್‌ಗಿಂತ ಹೆಚ್ಚು ನಿಲ್ಲುವಂತಿಲ್ಲ. ವೆಂಬನ್ಯಾಮಾ ಒಂದು ಕಾಲು ಹೊರಗೆ ಇಟ್ಟು ಮತ್ತೆ ಒಳಗೆ ಬರುವುದನ್ನು ಗಮನಿಸಿದ್ದೀರಾ? ಅದು ಈ ನಿಯಮಕ್ಕಾಗಿ. ಒಲಿಂಪಿಕ್ಸ್ ನಡೆಯುವ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ, ನಮ್ಮ ಶಾಲಾ ಪಂದ್ಯಗಳು ನಡೆಯುವುದೂ ಅದರಲ್ಲೇ, ಡಿಫೆಂಡರ್‌ಗೆ ಈ ತಡೆ ಇಲ್ಲ. ಅಟ್ಯಾಕ್ ಮಾಡುವವನಿಗೆ ಮಾತ್ರ ಮೂರು ಸೆಕೆಂಡ್. ಅಂದರೆ ನಿಮ್ಮ ಮಗ ಡಿಫೆನ್ಸ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ರಿಂಗ್ ಮುಂದೆ ನಿಂತು, ಬಂದವರನ್ನು ವಾಪಸ್ ಕಳಿಸಬಹುದು. ವೆಂಬನ್ಯಾಮಾನಿಂದ ಅವನು ಕಲಿಯಬಹುದಾದ ವಿಷಯ ಇದು: ಪ್ರತಿ ಶಾಟ್‌ಗೂ ಹಾರಬಾರದು, ಕೈ ಮೇಲಿಟ್ಟುಕೊಂಡು ನೆಲದ ಮೇಲೇ ಇರಬೇಕು, ಬಾಲ್ ಎದುರಾಳಿಯ ಕೈ ಬಿಟ್ಟ ಮೇಲೆ ಎಗರಬೇಕು.

ಮೂರು ಅಂಕದ ಶಾಟ್ ವಿಚಾರಕ್ಕೆ ಬರುತ್ತೇನೆ. 2024-25ರಲ್ಲಿ ವೆಂಬನ್ಯಾಮಾ ಪಂದ್ಯಕ್ಕೆ ಹೆಚ್ಚು ಕಡಿಮೆ ಒಂಬತ್ತು ಮೂರು ಅಂಕದ ಶಾಟ್ ಹೊಡೆದ, ನೂರಕ್ಕೆ 35 ಬಿದ್ದವು. ಇಷ್ಟು ಎತ್ತರದವನು ಹೊರಗೆ ನಿಂತು ಇಷ್ಟು ಹೊಡೆಯಬೇಕೇ ಅಂತ ನಾನೂ ಬೇಸರ ಪಟ್ಟವನೇ. ಅವನ ಕಡೆಯಿಂದ ಒಂದು ಕಾರಣ ಇತ್ತು. ತೆಳ್ಳಗಿನ ದೇಹ, ಪೋಸ್ಟ್‌ನಲ್ಲಿ ಗಟ್ಟಿಮುಟ್ಟಾದವರು ಸುಲಭವಾಗಿ ಆಚೆ ತಳ್ಳುತ್ತಿದ್ದರು. ಹೊರಗೆ ನಿಂತರೆ ಎದುರು ತಂಡದ ಸೆಂಟರ್ ರಿಂಗ್ ಬಿಟ್ಟು ಹೊರಬರಲೇಬೇಕು, ಒಳಗೆ ಜಾಗ ತೆರೆದುಕೊಳ್ಳುತ್ತದೆ. ಆದರೆ ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಇದೇ ಮಾತನ್ನು ನೀವು ಮಗನಿಗೆ ಹೇಳಬೇಕು. 2025ರ ಬೇಸಿಗೆಯಲ್ಲಿ ವೆಂಬನ್ಯಾಮಾ ಚೀನಾದ ಶಾವೊಲಿನ್ ಮಠಕ್ಕೆ ಹೋಗಿ ದೇಹ ಪಳಗಿಸಿದ. ಅಲ್ಲಿಂದ ಬಂದು ಯಾರ ಹತ್ತಿರ ಹೋದ ಗೊತ್ತೇ? ಹಕೀಮ್ ಒಲಾಜುವನ್ ಹತ್ತಿರ.

ಒಲಾಜುವನ್ ಹೆಸರು ನಿಮ್ಮ ಮಗನಿಗೆ ಗೊತ್ತಿರಲಿಕ್ಕಿಲ್ಲ. ನೈಜೀರಿಯಾದ ಲಾಗೋಸ್‌ನ ಹುಡುಗ. ಹದಿಹರೆಯದವರೆಗೆ ಅವನು ಆಡಿದ್ದು ಫುಟ್‌ಬಾಲ್ ಮತ್ತು ಹ್ಯಾಂಡ್‌ಬಾಲ್. ಬ್ಯಾಸ್ಕೆಟ್‌ಬಾಲ್ ಹಿಡಿದದ್ದೇ ತಡವಾಗಿ. ಆಮೇಲೆ ಹ್ಯೂಸ್ಟನ್‌ಗೆ 1994, 1995ರಲ್ಲಿ ಎರಡು ಪ್ರಶಸ್ತಿ ಗೆದ್ದುಕೊಟ್ಟ, ಎನ್‌ಬಿಎ ಚರಿತ್ರೆಯಲ್ಲೇ ಅತಿ ಹೆಚ್ಚು ಬ್ಲಾಕ್ ಇವತ್ತಿಗೂ ಅವನದೇ, 3,830. ಅವನ ಕಾಲಿನ ಕೆಲಸ ನೋಡಿ ಒಂದು ಇಡೀ ಪೀಳಿಗೆ ಸೆಂಟರ್ ಆಟ ಕಲಿಯಿತು. ನಾನೂ ಮಸುಕಾದ ವಿಡಿಯೊ ಕ್ಯಾಸೆಟ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ಅವನ ಪಾದಗಳನ್ನೇ ನೋಡುತ್ತಾ ಕೂರುತ್ತಿದ್ದೆ. ಒಂದು ಭುಜ ಅಲ್ಲಾಡಿಸಿ ಇನ್ನೊಂದು ಕಡೆ ತಿರುಗುವ ಆ ಆಟದ ನೇರ ವಾರಸುದಾರ ಇವತ್ತು ಹ್ಯೂಸ್ಟನ್‌ನಲ್ಲೇ ಆಡುವ ಶೆಂಗುನ್.

ಈಗ ನೀವಿಬ್ಬರೂ ನೋಡಿದ ಆ ಎರಡು ಬೆಳಗಿನ ಪಂದ್ಯಗಳನ್ನು ನೆನಪು ಮಾಡಿಕೊಳ್ಳಿ. ಡಲ್ಲಾಸ್ ವಿರುದ್ಧ ವೆಂಬನ್ಯಾಮಾ ಹೊಡೆದ 40 ಅಂಕದಲ್ಲಿ ಬಹುಪಾಲು ರಿಂಗ್ ಹತ್ತಿರದಿಂದ ಬಂತು. ಬೆನ್ನು ಹಾಕಿ ನಿಂತ, ತಿರುಗಿದ, ಆಂಥೊನಿ ಡೇವಿಸ್‌ನಂಥ ಡಿಫೆಂಡರ್ ತಲೆ ಮೇಲಿಂದ ಹಾಕಿದ. ಹೊರಗಿನಿಂದ ಹೊಡೆದಿದ್ದು ಬೆರಳಲ್ಲಿ ಎಣಿಸುವಷ್ಟು. ಅದರ ಹಿಂದಿನ ದಿನ ಒಕ್ಲಹೋಮ ಸಿಟಿಯಲ್ಲಿ, ಎರಡು ಓವರ್‌ಟೈಮ್ ಆಗಿ 125-124ಕ್ಕೆ ಹ್ಯೂಸ್ಟನ್ ಸೋತ ಪಂದ್ಯದಲ್ಲಿ, ದೂರದ ಶಾಟ್ ಇಲ್ಲ ಅನ್ನಿಸಿಕೊಂಡಿದ್ದ ಶೆಂಗುನ್ ಐದು ಮೂರು ಅಂಕದ ಶಾಟ್ ಹಾಕಿದ. ಒಂದೇ ಬೇಸಿಗೆಯಲ್ಲಿ ಇವನು ಅವನ ಪಾಠ ಓದಿ ಬಂದಿದ್ದ, ಅವನು ಇವನ ಪಾಠ. ನಿಮ್ಮ ಮಗ ವೆಂಬನ್ಯಾಮಾನನ್ನು ಅನುಕರಿಸುವುದಾದರೆ ಪೂರ್ತಿ ಅನುಕರಿಸಲಿ. ಹೊರಗಿನ ಶಾಟ್ ಇದ್ದವನೇ ಬೆವರು ಸುರಿಸಿ ಒಳಗಿನ ಆಟ ಕಲಿಯಲು ಹೋಗಿದ್ದಾನೆ.

ಮಗನ ಕೋಚ್ ಬಗ್ಗೆ ಒಂದು ಮಾತು. ಅವರು ಬೈಯುವುದು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ನಾನು ಕೋಚಿಂಗ್ ಶುರು ಮಾಡಿದ ಕಾಲದಲ್ಲಿ ಎತ್ತರದ ಹುಡುಗ ಸಿಕ್ಕಿದರೆ ರಿಂಗ್ ಕೆಳಗೆ ನಿಲ್ಲಿಸಿ, ಕೈ ಎತ್ತಿ ನಿಲ್ಲು, ಬಾಲ್ ಬಂದರೆ ಹಿಡಿ, ಗಾರ್ಡ್‌ಗೆ ಕೊಡು ಅನ್ನುತ್ತಿದ್ದೆ. ಡ್ರಿಬಲ್ ಮಾಡಿದರೆ ಬೈಯುತ್ತಿದ್ದೆ. ಆ ಹುಡುಗರಲ್ಲಿ ಕೆಲವರು ಕಾಲೇಜು ಮುಗಿಯುವ ಹೊತ್ತಿಗೆ ಆಟವನ್ನೇ ಬಿಟ್ಟರು. ಅವರಿಗಿಂತ ಎತ್ತರದವರು ಎದುರು ಬಂದ ದಿನ ಅವರ ಕೈಯಲ್ಲಿ ಬೇರೇನೂ ಇರಲಿಲ್ಲ. ಅದು ನನ್ನ ತಪ್ಪು, ಇವತ್ತಿಗೂ ಅದರ ನೋವಿದೆ. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ತಂಡಕ್ಕೆ 52ನೇ ಆಯ್ಕೆಯಾಗಿ, ಎನ್‌ಬಿಎ ಡ್ರಾಫ್ಟ್ ಆದ ಮೊದಲ ಭಾರತೀಯನಾದಾಗ ನಾವೆಲ್ಲ ಸಿಹಿ ಹಂಚಿದೆವು. ಏಳು ಅಡಿ ಎರಡು ಇಂಚು. ಆದರೂ ಎನ್‌ಬಿಎಯ ಒಂದು ಪಂದ್ಯವೂ ಅವನಿಗೆ ಸಿಗಲಿಲ್ಲ. ಆ ಹೊತ್ತಿಗೆ ಅಲ್ಲಿ ಸೆಂಟರ್ ಆದವನು ಓಡಬೇಕಿತ್ತು, ಹೊರಗೆ ಬಂದು ಗಾರ್ಡ್‌ಗಳನ್ನು ತಡೆಯಬೇಕಿತ್ತು, ಪಾಸ್ ಕೊಡಬೇಕಿತ್ತು.

ನಿಮ್ಮ ಮಗನ ಎತ್ತರ ಆರು ಅಡಿ ನಾಲ್ಕೈದು ಇಂಚಿಗೆ ನಿಲ್ಲಬಹುದು. ಶಾಲೆಯಲ್ಲಿ ಅದು ಸೆಂಟರ್‌ನ ಎತ್ತರ, ಮುಂದೆ ದೊಡ್ಡವರ ಜೊತೆ ಆಡುವಾಗ ಫಾರ್ವರ್ಡ್‌ನ (ಒಳಗೂ ಹೊರಗೂ ಆಡುವವನ) ಎತ್ತರ. ಹಾಗಾಗಿ ಹೊರಗಿನ ಶಾಟ್ ಅಭ್ಯಾಸ ಬಿಡುವುದು ಬೇಡ. ಅದನ್ನು ಪ್ರಾಕ್ಟೀಸ್ ಮುಗಿದ ಮೇಲೆ ಮಾಡಲಿ, ದಿನಕ್ಕೆ ನೂರು. ಎಷ್ಟು ಬಿತ್ತು ಅಂತ ನೀವೇ ಪಕ್ಕದಲ್ಲಿ ನಿಂತು ಬರೆದಿಡಿ. ನೂರಕ್ಕೆ ನಲವತ್ತು ಬೀಳುವಂತಾದ ದಿನ ಆ ಪುಸ್ತಕ ತೆಗೆದುಕೊಂಡು ಹೋಗಿ ಕೋಚ್‌ಗೆ ತೋರಿಸಿ, ಅವರೇ ಪಂದ್ಯದಲ್ಲಿ ಹೊಡೆಯಲು ಬಿಡುತ್ತಾರೆ. ಪಂದ್ಯದಲ್ಲಿ ಅಲ್ಲಿಯವರೆಗೆ ಒಳಗೆ ಆಡಲಿ.

ಪ್ರಾಕ್ಟೀಸ್‌ಗೆ ಮೊದಲು ಹದಿನೈದು ನಿಮಿಷ ಇದನ್ನು ಮಾಡಿಸಿ. ನೀವು ಬಾಲ್ ಹಿಡಿದು ಮೂರು ಅಂಕದ ಗೆರೆ ಹತ್ತಿರ ನಿಲ್ಲಿ, ಅವನು ಎಡಬದಿಯ ಪೋಸ್ಟ್‌ನಲ್ಲಿ ನಿಮಗೆ ಎದುರಾಗಿ, ರಿಂಗ್‌ಗೆ ಬೆನ್ನು ಹಾಕಿ ನಿಲ್ಲಲಿ. ಪಾಸ್ ಕೊಡಿ. ಎರಡೂ ಕಾಲು ಒಟ್ಟಿಗೆ ಊರಿ ಹಿಡಿಯಬೇಕು, ಎರಡು ಸದ್ದು ಕೇಳಿದರೆ ತಪ್ಪು, ಒಂದೇ ಸದ್ದು ಕೇಳಬೇಕು. ಹತ್ತು ಬಾರಿ ಎಡಗಾಲ ಮೇಲೆ ತಿರುಗಿ ಶಾಟ್, ಹತ್ತು ಬಾರಿ ಬಲಗಾಲ ಮೇಲೆ. ಆಮೇಲೆ ಹತ್ತು ಬಾರಿ ಒಂದು ಕಡೆ ಭುಜ ತೋರಿಸಿ ಇನ್ನೊಂದು ಕಡೆ ತಿರುಗಬೇಕು. ಡ್ರಿಬಲ್ ಬೇಡ, ಅದು ಎರಡನೇ ತಿಂಗಳಿಗೆ. ಕೊನೆಯ ಐದು ನಿಮಿಷ ಮನೆಯವರು ಇನ್ನೊಬ್ಬರು ಬಂದು ಡಿ ಒಳಗೆ ಯಾವ ಬದಿಯಿಂದಲಾದರೂ ಓಡಲಿ. ಮಗ ಬಾಲ್ ಹಿಡಿದ ಮೇಲೆ ಶಾಟ್ ಹೊಡೆಯದೆ ಅವರಿಗೆ ಪಾಸ್ ಕೊಡಬೇಕು, ತಡ ಮಾಡದೆ, ಅವರ ಎದೆಯ ಮಟ್ಟಕ್ಕೆ.